ಕೊಂಡಿ ಹಾಕದ ಕಡಗ

ನೋಂಗ್ ಹೆತ್ ಊರಿನ ಅಪ್ಪನಿಗೆ, ಬೆಟ್ಟದಾಚೆಯಿಂದ ಮಗಳು ಬರೆಯುವುದು.

ಹೊಳೆಗೆ ಬಿದ್ದು ಬೆದರಿದ ದಿನದಿಂದ ನಿಮ್ಮ ಮೊಮ್ಮಗಳು ಅನ್ನ ಮುಟ್ಟಿಲ್ಲ. ಬೆದರಿ ಮೈ ಬಿಟ್ಟು ಹೋದ ಜೀವವನ್ನು ಕರೆಯುವ ಅಜ್ಜ ಬಂದು ನೋಡಿ, "ಕೊರಳಿಗೆ ಬೆಳ್ಳಿ ಕಡಗ ಹಾಕ್ಸಮ್ಮ, ಜೀವ ಮತ್ತೆ ಓಡಿಹೋಗಲ್ಲ" ಎಂದರು. ಅಣ್ಣನ ಕೈಲಿ ನಿಮಗೆ ಹೇಳಿ ಕಳಿಸಿದೆ. "ನನ್ನ ಮಾತು ಮೀರಿ ಮದ್ವೆ ಆದೋಳು ಬೆಳ್ಳೀನೂ ತಾನೇ ಕರಗಿಸ್ಕೊಳ್ಳಲಿ" ಅಂದಿರಂತೆ.

ಕರಗಿಸಿದೆ.

ಅಣ್ಣನಿಗೆ ನೀವು ಬೆಳ್ಳಿ ಕೆಲಸ ಕಲಿಸುವಾಗ ತಿದಿ ಒತ್ತುತ್ತಿದ್ದವಳು ನಾನೇ ಅಲ್ಲವೇ? ದಪ್ಪ ಬೂಟು ಹಾಕಿ, ಗಾಳಿಗೆ ಬೆನ್ನು ಕೊಟ್ಟು ಅಂಗಳದಲ್ಲಿ ಕೂತೆ. ಮದುವೆಯ ಲಂಗದ ಹಳೇ ಫ್ರೆಂಚ್ ಬೆಳ್ಳಿ ನಾಣ್ಯಗಳನ್ನು ಬಿಚ್ಚಿ ಮೂಸೆಗೆ ಹಾಕಿ, ಚಿಟಿಕೆ ಬಿಳಿಗಾರ ಉದುರಿಸಿದೆ. ನಾಣ್ಯದ ಹೆಂಗಸಿನ ಮುಖ ಮೊದಲು ಬೆವರಿತು, ಆಮೇಲೆ ಇಲ್ಲವಾಯಿತು. ಬೆಳ್ಳಿ ಕಣ್ಣು ಬಿಟ್ಟ ಹಾಗೆ ಹೊಳೆದು ಉರುಳಾಡಿತು. ನಾನು ತಿದಿ ಒತ್ತುವುದನ್ನೇ ಮರೆತೆ. ನನ್ನ ಗಂಡ ಲೇಂಗ್, "ಇದನ್ನ ನೋಡ್ತಾ ನೋಡ್ತಾನೇ ಮಾವ ಮುದುಕರಾದ್ರಾ? ಪುಣ್ಯವಂತ್ರು ಬಿಡು" ಎಂದ.

ಸುರಿಯುವ ಮುಂಚೆ ಕಾಯಿಸಿದ ಅಚ್ಚನ್ನು ನೀವು ಕೆನ್ನೆಯ ಹತ್ತಿರ ಹಿಡಿಯುತ್ತಿದ್ದಿರಿ. ಮುದ್ದು ಮಾಡುತ್ತೀರೆಂದು ನಾನು ನಗುತ್ತಿದ್ದೆ. ಈಗ ನಾನೂ ಹಿಡಿದೆ. ಹಬೆ ತಗುಲಿತು, ಮತ್ತೆ ಕಾಯಿಸಿದೆ. ತೇವದ ಅಚ್ಚಿನಲ್ಲಿ ಬೆಳ್ಳಿ ಸಿಡಿಯುತ್ತದೆ ಎಂದು ನೀವು ಹೇಳಿಕೊಟ್ಟಿರಲಿಲ್ಲ, ನಿಮ್ಮ ಕುತ್ತಿಗೆಯ ಕಲೆ ಹೇಳಿಕೊಟ್ಟಿತ್ತು.

ಅಚ್ಚಿಗೆ ಸುರಿದು ಬಂದ ಕಂಬಿಯನ್ನು ಬಡಿದು ಬಾಗಿಸಿದ್ದೇನೆ. ಸ್ವಲ್ಪ ಸೊಟ್ಟಗಿದೆ. ಕೊಂಡಿ ಮಾತ್ರ ಹಾಕಿಲ್ಲ. ಅದನ್ನು ಹಾಕುವಾಗಲೆಲ್ಲ, ಬೇರೆ ಮನೆಗೆ ಹೋಗುವವಳಿಗೆ ಆ ಗುಟ್ಟು ತಿಳಿಯಬಾರದೆಂದು, ನನ್ನನ್ನು ಒಳಗೆ ಕಳಿಸುತ್ತಿದ್ದಿರಿ.

ಜೀವ ಕರೆಯುವುದು ನಾಳಿದ್ದು. ಬರುವಾಗ ಸಣ್ಣ ಸುತ್ತಿಗೆ ತನ್ನಿ. ಈ ಸಲ ನಾನು ಒಳಗೆ ಹೋಗುವುದಿಲ್ಲ.

ತಿದಿ ಒತ್ತುತ್ತಿದ್ದವಳು,
ಪಾ ಕೂ