ಅಪ್ಪನ ಮೆಷಿನ್ನಿನ ಫ್ಯೂಸು

ಮನೆಯಿಂದ
ಜೂನ್ ೧೨, ಗುರುವಾರ ಬೆಳಿಗ್ಗೆ

ನನ್ನ ಮುದ್ದು ಮಗಳೇ,

ಹೇಗಿದ್ದೀಯ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಎದ್ದಿದ್ದ ಬೆವರುಸಾಲೆ ಹೋಯಿತಾ? ಹೊತ್ತಿಗೆ ಸರಿಯಾಗಿ ಊಟ ಮಾಡ್ತೀಯ ತಾನೇ? ಕೈಗೆ ವೈರು ಸಿಕ್ಕರೆ ಹಸಿವು ಮರೆಯೋದು ನಿನಗೆ ನಿಮ್ಮಪ್ಪನಿಂದ ಬಂದ ರೋಗ. ನಾನು ಚೆನ್ನಾಗಿದ್ದೇನೆ, ಮಂಡಿನೋವು ಇದ್ದದ್ದೇ. ಅಪ್ಪ ಈಗ ಹಗಲೂ ರಾತ್ರಿ ಆಕ್ಸಿಜನ್ ಮೆಷಿನ್ ಜೊತೆಗೇ ಇದ್ದಾರೆ. ಮೂಗಿನ ನಳಿಗೆ ತೆಗೆದರೆ ಬಚ್ಚಲಿಗೆ ಹೋಗಿ ಬರುವಷ್ಟೂ ಉಸಿರು ಸಾಲಲ್ಲ. ಇದನ್ನೆಲ್ಲ ಫೋನಿನಲ್ಲಿ ಹೇಳೋಣ ಅಂದರೆ ಪಕ್ಕದಲ್ಲೇ ಕೂತು ನನ್ನ ಬಾಯನ್ನೇ ನೋಡ್ತಿರ್ತಾರೆ. ಅದಕ್ಕೇ ಈ ಪತ್ರ.

ಸೋಮವಾರ ಕರೆಂಟು ಹೋಗಿ ಬಂತು. ಎಲ್ಲಾ ದೀಪ ಹತ್ತಿದವು, ಮೆಷಿನ್ ಮಾತ್ರ ಉಸಿರೆತ್ತಲಿಲ್ಲ. ನನ್ನ ಜೀವ ಬಾಯಿಗೆ ಬಂತು ಕಣೇ. ಅವರ ನಳಿಗೆಯನ್ನು ಚಿಕ್ಕ ಸಿಲಿಂಡರಿಗೆ ಸಿಕ್ಕಿಸಿ, ಮೆಷಿನ್ನಿನ ಪ್ಲಗ್ ಕಿತ್ತು, ನೀನು ತೋರಿಸಿಕೊಟ್ಟ ಹಾಗೆ ಹಿಂದಿನ ಮುಚ್ಚಳ ತಿರುಗಿಸಿ ಫ್ಯೂಸ್ ತೆಗೆದೆ. ಬೀನ್ಸ್ ತುಂಡಿನಷ್ಟಿರೋ ಬಿಳಿ ಕೊಳವೆ, ಒಳಗೆ ಸುಟ್ಟಿದೆಯೋ ಇಲ್ಲವೋ ಕಾಣೋದೂ ಇಲ್ಲ. ತುದಿಯ ಲೋಹದ ಟೊಪ್ಪಿಯ ಮೇಲೆ ಐದು ಆಂಪಿಯರ್, ಇನ್ನೂರೈವತ್ತು ವೋಲ್ಟ್ ಅಂತ ಓದಿಕೊಂಡು ಎಲೆಕ್ಟ್ರಿಕ್ ಅಂಗಡಿಗೆ ಓಡಿದೆ. ಅಂಗಡಿಯವನು ಅದೇ ಅಂಕಿಯ ಗಾಜಿನದು ಎರಡು ಕೊಟ್ಟ. ಹಾಕಿ ಸ್ವಿಚ್ ಒತ್ತಿದೆ, ಟಪ್ ಅಂತ ಹೋಯಿತು. ಎರಡನೆಯದೂ ಅದೇ ದಾರಿ ಹಿಡಿಯಿತು.

ಅಷ್ಟೊತ್ತಿಗೆ ಪಕ್ಕದ ಮನೆ ಮೇಷ್ಟ್ರು ಬಂದರು. ಗೊತ್ತಲ್ಲ, ಕರೆಯದಿದ್ದರೂ ಬುದ್ಧಿ ಹೇಳುವವರು. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಹಾಕಿ, ಜನ್ಮದಲ್ಲಿ ಹೋಗಲ್ಲ ಅಂದರು. ನನಗೆ ಪಿತ್ತ ನೆತ್ತಿಗೇರಿತು. ಫ್ಯೂಸ್ ಹೋಗದಿದ್ದರೆ ಮೆಷಿನ್ ಹೋಗುತ್ತೆ, ಪಕ್ಕದಲ್ಲೇ ಆಕ್ಸಿಜನ್ ಇದೆ, ಮನೆಗೆ ಬೆಂಕಿ ಹಚ್ಚೋಕೆ ಬಂದ್ರಾ ಅಂತ ಮುಖ ಮೂತಿ ನೋಡದೆ ಬೈದೆ. ಪಾಪ, ಚಪ್ಪಲಿ ಮೆಟ್ಟಿಕೊಂಡು ಹೋದರು. ಆದರೆ ಸಿಲಿಂಡರಿನ ಮುಳ್ಳು ಕೆಂಪಿನ ಕಡೆ ಇಳಿಯುತ್ತಿತ್ತು.

ಆಗ ಅಪ್ಪ ಕೈಸನ್ನೆ ಮಾಡಿ ಗಡಿಯಾರ ರಿಪೇರಿಯ ಕಣ್ಣುಗಾಜು ಕೇಳಿದರು. ತಮ್ಮ ಗಡಿಯಾರದಂಗಡಿ ಮುಚ್ಚಿದ ಮೇಲೆ ಅದನ್ನವರು ಮುಟ್ಟಿದ್ದೇ ಇಲ್ಲ. ಹಳೆಯ ಫ್ಯೂಸನ್ನು ಕಿಟಕಿ ಬೆಳಕಿಗೆ ಹಿಡಿದು, ಒಂದೊಂದು ಅಕ್ಷರಕ್ಕೂ ಉಸಿರು ತೆಗೆದುಕೊಂಡು ಓದಿದರು. ಐದಕ್ಕಿಂತ ಮೊದಲು ಟಿ, ಆಂಪಿಯರ್ ಆದಮೇಲೆ ಎಚ್. ಹೊಸದರ ಮೇಲೆ ಎಫ್ ಮತ್ತು ಎಲ್. ನಾನು ಅಂಕಿ ನೋಡಿದ್ದೆನೇ ಹೊರತು ಅಕ್ಷರ ನೋಡಿರಲಿಲ್ಲ. ಮತ್ತೆ ಓಡಿಹೋಗಿ ಅಂಗಡಿಯವನಿಗೆ ಹೇಳಿದರೆ ಹಣೆ ಚಚ್ಚಿಕೊಂಡ. ಮೋಟಾರು ಶುರುವಾಗುವಾಗ ಒಂದು ಕ್ಷಣ ಜಾಸ್ತಿ ಕರೆಂಟು ಎಳೆಯುತ್ತಂತೆ. ಟಿ ಅದನ್ನು ಸಹಿಸಿಕೊಳ್ಳುತ್ತೆ, ಎಫ್ ತಕ್ಷಣ ಸುಟ್ಟುಹೋಗುತ್ತೆ. ಎಚ್ ಅಂದರೆ ಭಾರೀ ಹೊಡೆತ ಬಂದರೂ ಒಡೆದು ಚೂರಾಗದೆ ಕರೆಂಟು ಕಡಿಯುವಂಥದ್ದು, ಎಲ್‌ಗೆ ಆ ತಾಕತ್ತಿಲ್ಲ. ಡ್ರಾಯರ್ ಎಲ್ಲಾ ಕೆದಕಿ ಅಂಥದ್ದೇ ಒಂದು ಹುಡುಕಿಕೊಟ್ಟ, ಪುಣ್ಯಾತ್ಮ. ಮೆಷಿನ್ ಗುರ್ ಅಂದಾಗ ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ನಿಮ್ಮಪ್ಪನಿಗೋ ಜಂಬವೇ ಜಂಬ.

ಅಪ್ಪನ ಆಶೀರ್ವಾದ, ಅದರ ಮೇಲೆ ನನ್ನದೂ ಇರಲಿ. ಒದ್ದೆ ಕೈಯಲ್ಲಿ ಏನನ್ನೂ ಮುಟ್ಟಬೇಡ. ಜೊತೆಯವರನ್ನೆಲ್ಲ ಕೇಳಿದೆ ಅಂತ ಹೇಳು.

ಇಂತಿ,
ನಿನ್ನ ಅಮ್ಮ

ತಾ.ಕ.: ಬರೆಯೋದು ಮರೆತೆ ಅಂದರೆ ಸುಳ್ಳಾಗುತ್ತೆ, ಧೈರ್ಯ ಬರಲಿಲ್ಲ ಅಷ್ಟೇ. ಮೆಷಿನ್ ಚೆನ್ನಾಗಿದೆ, ಅಪ್ಪ ಚೆನ್ನಾಗಿಲ್ಲ. ಮಗಳನ್ನು ಕರೆಸಿಕೊಳ್ಳಿ ಅಂತ ಡಾಕ್ಟರು ನಿನ್ನೆ ಹೇಳಿದರು. ಅವಳ ಕೆಲಸಕ್ಕೆ ಕಲ್ಲು ಹಾಕಬೇಡ ಅಂತ ಇವರು ನನ್ನನ್ನೇ ಗದರಿದರು. ಇವತ್ತು ಎದ್ದವರೇ ಗೋಡೆ ಕಡೆ ಮುಖ ಮಾಡಿಕೊಂಡು, ಹಡಗು ಯಾವಾಗ ದಡ ಮುಟ್ಟುತ್ತೆ ಅಂತ ಕೇಳಿದರು. ಈ ಪತ್ರ ಸಿಕ್ಕ ಬಂದರಿನಲ್ಲೇ ಇಳಿದು ಬಂದುಬಿಡು ಕಂದಾ.