ನಾಳೆಯ ಮೆರವಣಿಗೆಗೆ ನೀನು ಬರಬೇಡ

ಕೌನ್ಸಿಲರ್ ಸಾಹೇಬನಾದ ನನ್ನ ಅಕ್ಕನ ಮಗನಿಗೆ,

ಬೀದಿ ಗುಡಿಸುವ ನಾವು ಕೆಲಸ ನಿಲ್ಲಿಸಿ ಮುಷ್ಕರಕ್ಕೆ ಕೂತಾಗ, ನೀನು ಬೆಂಬಲಕ್ಕೆಂದು ಬಂದು, ಹೊಸ ಪೊರಕೆ ಹಿಡಿದು ನಮ್ಮೆದುರೇ ಬೀದಿ ಗುಡಿಸಿ ಫೋಟೊ ತೆಗೆಸಿಕೊಂಡೆ. ಮುಷ್ಕರದ ದಿನ ಗುಡಿಸುವವನು ಮಾಲೀಕರ ಕಡೆಯವನು ಅನ್ನುವಷ್ಟೂ ನಿನ್ನ ತಲೆಗೆ ಹೊಳೆಯಲಿಲ್ಲ. ಹೆಂಗಸರು ಬಿದ್ದು ಬಿದ್ದು ನಕ್ಕರು. ನೀನು ಅವರಿಗೆ ಕೈ ಬೀಸಿದೆ.

ನೀನು ದಡ್ಡ ಅಂದುಕೊಂಡು ನಾನು ಸುಮ್ಮನಾದೆ. ಆದರೆ ಮಂಗಳವಾರದ ಕೌನ್ಸಿಲ್ ಸಭೆಯಲ್ಲಿ, ನಮ್ಮನ್ನು ತೆಗೆದು ಕೆಲಸವನ್ನು ಗುತ್ತಿಗೆದಾರನಿಗೆ ಕೊಡಲು ನೀನೂ ಕೈ ಎತ್ತಿದೆ. ಹಿಂದಿನ ಬೆಂಚಿನಲ್ಲಿ ಕೂತು ನಾನೇ ನೋಡಿದೆ. ಹೊರಗೆ ಹಿಡಿದು ಕೇಳಿದರೆ, "ಎಲ್ರೂ ಎತ್ತಿದ್ರು ಮಾವ, ನಾನೊಬ್ನೇ ಹೆಂಗೆ ಸುಮ್ನೆ ಕೂರೋದು?" ಅಂದೆ. ಅರವತ್ತು ಜನರ ಹೊಟ್ಟೆಯ ಮೇಲೆ ಹೊಡೆದು, ಈಗ ನಮ್ಮ ಮೆರವಣಿಗೆಯ ಮುಂದಿನ ಸಾಲಿನಲ್ಲಿ ನಡೆಯುತ್ತೇನೆಂದು ಹೇಳಿಕಳಿಸಿದ್ದೀಯ.

ಬರಬೇಡ. ಒಂದು ಕೆಲಸ ಮಾತ್ರ ಮಾಡು. ಕಾರ್ಮಿಕೆಯ ಮಗ ಅನ್ನಿಸಿಕೊಳ್ಳಲು ನಿನ್ನಮ್ಮ ಗುಡಿಸುವಾಗ ಹಾಕುತ್ತಿದ್ದ ಕೋಟನ್ನು ನಿನ್ನ ಹಜಾರದ ಗಾಜಿನ ಬೀರುವಿನಲ್ಲಿ ಇಟ್ಟಿದ್ದೀಯಲ್ಲ, ಅದನ್ನು ಈ ಪತ್ರ ತಂದವಳ ಕೈಗೆ ಕೊಟ್ಟು ಕಳಿಸು. ಗುಂಡಿ ಕೂಡದಿದ್ದರೂ ಸರಿಯೇ, ನಾಳೆ ಅದನ್ನೇ ಹಾಕಿಕೊಂಡು ನಮ್ಮ ಜೊತೆ ನಡೆಯುತ್ತೇನೆ ಅಂತ ಅಕ್ಕ ಹಟ ಹಿಡಿದು ಕೂತಿದ್ದಾಳೆ.

ಸಂಬಂಧ ಕಳಚಿಕೊಳ್ಳಲಾಗದ,
ನಿನ್ನ ಸೋದರಮಾವ