ಬಾವುಟ ಬದಲಾದ ಹಡಗು

ವಿಶಾಖಪಟ್ಟಣ,
18 ನವೆಂಬರ್ 1993

ಪ್ರೀತಿಯ ನಾಗಕ್ಕನಿಗೆ ತಮ್ಮ ಜಯದೇವನ ನಮಸ್ಕಾರಗಳು.

ನಾವಿಲ್ಲಿ ಆರೋಗ್ಯವಾಗಿದ್ದೇವೆ. ನೀನು, ಕಾಮೇಶ್ವರ ಭಾವ, ಸುಬ್ಬು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ದಸರೆಗೆ ಮುಂಚೆ ನೀನು ಬರೆದ ಪತ್ರಕ್ಕೆ ದೀಪಾವಳಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಹೈಮಾವತಿ ಮಾತ್ರ ಸುಮ್ಮನಿರಲಿಲ್ಲ. "ಅಕ್ಕಾರು ಪೋಸ್ಟ್‌ಮನ್ ದಾರಿ ನೋಡ್ತಿರ್ತಾರ. ನಾಕ ಸಾಲು ಗೀಚಾಕ ನಿಮಗೇನಾಗೇತಿ?" ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದಳು. ನಾಲ್ಕು ಸಾಲಿನಲ್ಲಿ ಮುಗಿಯುವುದಾಗಿದ್ದರೆ ಎಂದೋ ಬರೆಯುತ್ತಿದ್ದೆ.

ಸುಬ್ಬು ಪರದೇಶದ ಹಡಗಿನಲ್ಲಿ ಕೆಲಸಕ್ಕೆ ಸೇರಬೇಕೆಂದು ಹಟ ಹಿಡಿದಿದ್ದಾನೆ, ಕಳಿಸಲೋ ಬೇಡವೋ ಎಂದು ಕೇಳಿದ್ದೀ. ಭಾವನವರೂ ಮಗನ ಕಡೆಗೇ ಇದ್ದಾರೆಂದು ತಿಳಿಯಿತು. "ಜಪಾನ್ ಮುಂದೆ ಹೋಯಿತು, ಕೊರಿಯಾ ಮುಂದೆ ಹೋಯಿತು, ನಾವು ಇಬ್ರಾಹಿಂಪಟ್ನಂನಲ್ಲಿ ಬೂದಿ ನುಂಗುತ್ತಾ ಕೂತಿದ್ದೇವೆ" ಎಂದು ಅವರು ಹೇಳಿದ್ದು ಸುಳ್ಳಲ್ಲ. ವಿದ್ಯುತ್ ಸ್ಥಾವರದ ಬೂದಿಯಲ್ಲಿ ಇಷ್ಟು ವರ್ಷ ದುಡಿದವರು ಇನ್ನೇನು ಹೇಳಿಯಾರು? ಆದರೆ ನಾನು ಈ ವರ್ಷ ಕಂಡದ್ದನ್ನು ಬರೆದು ತಿಳಿಸದೆ ಹೂಂ ಎನ್ನಲಾರೆ, ಊಹೂಂ ಎನ್ನಲಾರೆ.

ನೇವಿ ಬಿಟ್ಟ ಮೇಲೆ ರಷ್ಯನ್ ಭಾಷೆಯೇ ನನಗೆ ಅನ್ನ ಹಾಕಿದ್ದು ನಿನಗೆ ಗೊತ್ತು. ವ್ಲಾಡಿವೊಸ್ಟೊಕ್‌ನಲ್ಲಿ ತರಬೇತಿಗೆ ಇದ್ದಾಗ ಕಲಿತದ್ದು. ಆಗ ಅಲ್ಲಿನ ಬೆಚ್ಚನೆಯ ಕೋಣೆ, ಕೈ ತುಂಬ ಬ್ರೆಡ್ಡು, ಕೂಲಿಕಾರನ ಮಗಳೂ ಡಾಕ್ಟರಾಗುವುದು, ಇದನ್ನೆಲ್ಲ ನೋಡಿ ನಮ್ಮ ಸಂಡೂರೂ ಒಂದು ದಿನ ಹೀಗಾಗುತ್ತದೆ ಎಂದು ನಿನಗೆ ಬರೆದಿದ್ದೆ. ಆ ದೇಶ ಒಡೆದು ಹೋದ ಮೇಲೆ ನನ್ನ ಭಾಷೆಗೂ ಗಿರಾಕಿ ಇಲ್ಲವಾದರು. ಈಗ ಇಲ್ಲಿನ ದ್ವಾರಕಾ ನಗರದ ಒಬ್ಬ ಶಿಪ್ಪಿಂಗ್ ಏಜೆಂಟನ ಹತ್ತಿರ, ಕರೆದಾಗ ಹೋಗುವ ದುಭಾಷಿ.

ಮಳೆಗಾಲದ ಆರಂಭದಲ್ಲಿ ಕಪ್ಪು ಸಮುದ್ರದ ಕಡೆಯಿಂದ ಒಂದು ಹಡಗು ಗೊಬ್ಬರ ತಂದಿತು. ಸರಕು ಇಳಿಸಿ ಆಯಿತು, ಹಡಗು ಮಾತ್ರ ಹೊರಡಲಿಲ್ಲ. ಮಾಲೀಕ ಕಂಪನಿ ಟೆಲೆಕ್ಸಿಗೆ ಉತ್ತರ ಕೊಡುವುದನ್ನೇ ನಿಲ್ಲಿಸಿತ್ತು. ದೇಶದ ಜೊತೆಗೆ ಕಂಪನಿಯೂ ಪಾಲಾಗಿತ್ತು. ಒಡೆಸ್ಸಾದವರು ಮಾಸ್ಕೋದವರನ್ನು ಕೇಳಿ ಎಂದರು, ಮಾಸ್ಕೋದವರು ಒಡೆಸ್ಸಾದವರನ್ನು ಕೇಳಿ ಎಂದರು. ಡೀಸೆಲ್ ಮುಗಿಯಿತು. ಬಂದರಿನೊಳಗೆ ಜಾಗ ತೆರವು ಮಾಡಬೇಕೆಂದು ಹಡಗನ್ನು ಎಳೆದು ಹೊರಸಮುದ್ರದಲ್ಲಿ ಲಂಗರು ಹಾಕಿಸಿದರು. ನಾವು ಲಾಂಚಿನಲ್ಲಿ ನೀರು, ಅಕ್ಕಿ, ಆಲೂಗಡ್ಡೆ ಒಯ್ದು ಕೊಡುತ್ತಿದ್ದೆವು.

ಕ್ಯಾಪ್ಟನ್ನನ ಹೆಸರು ಗ್ರಿಗೋರಿ ಪಾವ್ಲೊವಿಚ್. ಕುಡಿಯುವ ನೀರಿಗೆ ಪರದಾಟವಿದ್ದರೂ ಬಿಳಿ ಷರಟು ಒಗೆದು ಹಾಕಿಕೊಂಡೇ ನಮ್ಮನ್ನು ಬರಮಾಡಿಕೊಳ್ಳುತ್ತಿದ್ದ. ಹಡಗಿನ ಮೇಲೆ ಹಳೆಯ ಕೆಂಪು ಬಾವುಟವೇ ಇತ್ತು. "ಅದು ಈಗ ಯಾವ ದೇಶದ್ದೂ ಅಲ್ಲ, ಇಳಿಸಿ" ಎಂದು ಬಂದರಿನವರು ಹೇಳಿಸಿದರು. ಆ ಮಾತನ್ನು ರಷ್ಯನ್ನಿನಲ್ಲಿ ಹೇಳಿದವನು ನಾನು. "ಇಳಿಸಿ ಯಾವುದನ್ನು ಏರಿಸಲಿ ಜಯದೇವ?" ಎಂದು ಕೇಳಿದ. ಬದಲಿಗೆ ಏರಿಸಲು ಅವನ ಬಳಿ ಬೇರೊಂದು ಇರಲಿಲ್ಲ. ಹಳೆಯದನ್ನು ಇಳಿಸಿದ ಮೇಲೆ ಕಂಬ ಬರಿದಾಗಿಯೇ ಉಳಿಯಿತು.

ಒಂದು ಸಂಜೆ ಡೆಕ್ಕಿನ ಮೇಲೆ ಕೂತಿದ್ದೆವು. ಆಚೆ ಬಂದರಿನಲ್ಲಿ ಜಪಾನಿಗೆ ಹೋಗುವ ಹಡಗಿಗೆ ಅದಿರು ತುಂಬುತ್ತಿದ್ದರು, ಕೆಂಪು ಧೂಳು ಏಳುತ್ತಿತ್ತು. ಗ್ರಿಗೋರಿ ಅದನ್ನೇ ನೋಡುತ್ತಾ ಹೇಳಿದ:

"ನಾನು ಹುಡುಗನಾಗಿದ್ದಾಗ ಜಪಾನಿನ ಊರುಗಳು ಸುಟ್ಟು ಹೋಗಿದ್ದವು. ಕೊರಿಯಾದಲ್ಲಿ ಯುದ್ಧ, ಜನರಿಗೆ ಅನ್ನವಿರಲಿಲ್ಲ. ಇನ್ನಿಪ್ಪತ್ತು ವರ್ಷಕ್ಕೆ ನಾವು ಅಮೆರಿಕವನ್ನು ದಾಟುತ್ತೇವೆ ಎಂದು ನಾವಿಕ ಶಾಲೆಯಲ್ಲಿ ಮೇಷ್ಟರು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುತ್ತಿದ್ದರು. ಈಗ ನೋಡು. ಆ ಹಡಗು ಕಟ್ಟಿದ್ದು ಕೊರಿಯಾ, ಅದಿರು ಒಯ್ಯುವುದು ಜಪಾನು. ನಾನು ನಿನ್ನ ಅಕ್ಕಿ ಮೂಟೆಗೆ ಕಾಯುತ್ತಿದ್ದೇನೆ."

ಅಡುಗೆಯ ವೇರಾ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಅವರ ಹಡಗುಗಳಲ್ಲಿ ಹೆಂಗಸರೂ ಇರುತ್ತಾರೆ. ಸರಿಸುಮಾರು ನಿನ್ನ ವಯಸ್ಸು. "ಚೀನಾದವರು ಬಾಗಿಲನ್ನು ಸ್ವಲ್ಪವೇ ತೆರೆದು, ಬಂದವರು ಯಾರೆಂದು ನೋಡಿ ಒಳಗೆ ಬಿಟ್ಟರು" ಎಂದಳು. "ನಮ್ಮವರು ಒಂದೇ ದಿನ ಗೋಡೆ ಕೆಡವಿದರು. ಒಳಗೆ ಮಲಗಿದ್ದವರನ್ನು ಎಬ್ಬಿಸುವ ಗೋಜಿಗೂ ಹೋಗಲಿಲ್ಲ. ನಿಮ್ಮಲ್ಲಿ ಹೇಗೆ?"

ನಮ್ಮಲ್ಲಿ ಈಗ ತಾನೆ ಶುರುವಾಗಿದೆ ಎಂದೆ.

ಅವರಲ್ಲಿ ಸ್ಟೆಪಾನ್ ಎಂಬ ಎಂಜಿನಿಯರನಿಗೆ ಸಕ್ಕರೆ ಕಾಯಿಲೆ. ಅವನ ಇನ್ಸುಲಿನ್ ತೀರಿತ್ತು. ನಾನು ಔಷಧಿ ಅಂಗಡಿಯಿಂದ ಕೊಂಡು, ಫ್ಲಾಸ್ಕಿನಲ್ಲಿ ಮಂಜುಗಡ್ಡೆ ಹಾಕಿ ಒಯ್ದು ಕೊಡುತ್ತಿದ್ದೆ. ದಡಕ್ಕೆ ಕರೆತಂದು ಆಸ್ಪತ್ರೆಗೆ ಸೇರಿಸೋಣವೆಂದರೆ ಪಾಸು ಬೇಕು. ಪಾಸಿಗೆ ರಾಯಭಾರಿ ಕಚೇರಿಯ ಪತ್ರ ಬೇಕು. ಅವನ ಪಾಸ್‌ಪೋರ್ಟಿನ ಮೇಲಿದ್ದ ದೇಶವೇ ಈಗ ಇರಲಿಲ್ಲ. ಹುಟ್ಟಿದ್ದು ಜಾರ್ಜಿಯಾ, ತಾಯಿ ಉಕ್ರೇನಿನವಳು, ಮನೆ ಇದ್ದದ್ದು ರಷ್ಯಾದಲ್ಲಿ. "ಅವನು ನಮ್ಮವನೋ ಅಲ್ಲವೋ ವಿಚಾರಿಸಿ ತಿಳಿಸುತ್ತೇವೆ" ಎಂದು ಒಂದು ಕಡೆಯಿಂದ ಉತ್ತರ ಬಂತು, ಇನ್ನೊಂದು ಕಡೆಯಿಂದ ಅದೂ ಇಲ್ಲ. ಅಷ್ಟರಲ್ಲಿ ವಾಯುಭಾರ ಕುಸಿದು ಸಮುದ್ರ ಕೆಟ್ಟಿತು, ಲಾಂಚುಗಳು ನಿಂತವು. ನಾನು ಫ್ಲಾಸ್ಕು ಹಿಡಿದುಕೊಂಡು ಜೆಟ್ಟಿಗೆ ಹೋಗುವುದು, ಮಂಜು ಕರಗಿದ ಮೇಲೆ ಮನೆಗೆ ಬರುವುದು. ಅಲೆ ಇಳಿದು ನಾವು ಹಡಗು ಹತ್ತಿದಾಗ ಸ್ಟೆಪಾನ್‌ಗೆ ಎಚ್ಚರವಿರಲಿಲ್ಲ. ಬೆಳಗಿನ ಹೊತ್ತಿಗೆ ತೀರಿಕೊಂಡ.

ಸತ್ತವನನ್ನು ದಡಕ್ಕೆ ತರಲು ಮಾತ್ರ ಅಡ್ಡಿ ಬರಲಿಲ್ಲ. ಮಣ್ಣಿಗೆ ಬರಲು ಅವನ ಜೊತೆಯವರಿಗೂ ಒಂದು ಹೊತ್ತಿನ ಪಾಸು ಸಿಕ್ಕಿತು. ಊರಾಚೆಯ ಕ್ರಿಶ್ಚಿಯನ್ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಹೈಮಾವತಿ ಮನೆಯಿಂದ ಕನಕಾಂಬರ ತಂದಿದ್ದಳು. ವೇರಾ ಅವಳ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ನನ್ನವಳು ಅವಳ ಬೆನ್ನು ಸವರುತ್ತಾ "ಸಾಕು ನಮ್ಮವ್ವ, ಸಾಕು" ಎನ್ನುತ್ತಲೇ ಇದ್ದಳು. ಅದನ್ನು ನಾನು ಅನುವಾದಿಸಲಿಲ್ಲ.

ಆಮೇಲೆ ಕೋರ್ಟು ಹಡಗನ್ನು ಹರಾಜು ಹಾಕಿತು. ನಾವಿಕರ ಸಂಘವೊಂದು ಟಿಕೆಟ್ಟಿನ ಖರ್ಚು ಹಾಕಿಕೊಂಡು ಅವರನ್ನೆಲ್ಲ ಊರಿಗೆ ಕಳಿಸಿತು. ಯಾವ ದೇಶಕ್ಕೆ ಯಾರು ಎಂದು ವಿಂಗಡಿಸುವಾಗ ಇಪ್ಪತ್ತು ವರ್ಷ ಜೊತೆಗೆ ದುಡಿದವರು ಬೇರೆ ಬೇರೆ ಸಾಲಿನಲ್ಲಿ ನಿಂತರು. ಗ್ರಿಗೋರಿ ನನ್ನ ಕೈ ಹಿಡಿದು, "ಈ ವಯಸ್ಸಿನಲ್ಲಿ ನನಗೆ ಯಾರು ಹಡಗು ಕೊಡುತ್ತಾರೆ" ಎಂದಷ್ಟೇ ಹೇಳಿ ರೈಲು ಹತ್ತಿದ.

ಈಗ ಆ ಹಡಗಿಗೆ ಹೊಸ ಬಣ್ಣ ಬಳಿಯುತ್ತಿದ್ದಾರೆ. ಮಾಲೀಕ ಒಂದು ದೇಶದವನು, ಬಾವುಟ ಅವನು ಕಣ್ಣಾರೆ ಕಾಣದ ಇನ್ನೊಂದು ದೇಶದ್ದು, ಸಾಲ ಕೊಟ್ಟ ಬ್ಯಾಂಕು ಮತ್ತೊಂದರದು. ದುಡಿಯುವವರು ಯಾರಾಗಬಹುದು ಎಂದು ಕೇಳಿದ್ದಕ್ಕೆ ನಮ್ಮ ಏಜೆಂಟ್ ದುರ್ಗಾಪ್ರಸಾದ್ ನಕ್ಕ. "ರಷ್ಯನ್ನರಿಗಿಂತ ಫಿಲಿಪೀನ್ಸಿನವರು ಅಗ್ಗ, ಅವರಿಗಿಂತ ನಮ್ಮ ಹುಡುಗರು ಅಗ್ಗ. ಇನ್ನೂ ಅಗ್ಗದವರು ಎಲ್ಲಾದರೂ ಸಿಕ್ಕರೆ ನಮ್ಮವರನ್ನೂ ಇಳಿಸುತ್ತಾರೆ ಜಯದೇವಗಾರೂ" ಎಂದ. ಯಾವ ದೇಶ ಎಷ್ಟು ಮುಂದೆ ಎಂದು ಪೇಪರಿನವರು ಬರೆಯುವುದನ್ನು ನಾನೂ ಓದುತ್ತೇನೆ ಅಕ್ಕ. ಹಡಗಿನವರು ದೇಶಗಳನ್ನು ಅಳೆಯುವುದು ಹೀಗೆ.

ಆದ್ದರಿಂದ ಈಗ ಬೇಡ ಎನ್ನುತ್ತೇನೆ. ಸಮುದ್ರದ ಬಗ್ಗೆ ನನಗೆ ಹೆದರಿಕೆಯಿಲ್ಲ, ಅದರ ಉಪ್ಪು ತಿಂದವನು ನಾನು. ಆದರೆ ಆಗ ನನ್ನ ಬೆನ್ನಿಗೆ ಒಂದು ಸರ್ಕಾರವಿತ್ತು. ಈ ಹಡಗುಗಳಲ್ಲಿ ಸುಬ್ಬುವಿಗೆ ಕಷ್ಟ ಬಂದರೆ ಯಾರ ಬಾಗಿಲು ಬಡಿಯಬೇಕೆಂಬುದೇ ತಿಳಿಯುವುದಿಲ್ಲ. ಒಳ್ಳೆಯ ಕಂಪನಿಗಳೂ ಇವೆ, ವಿಚಾರಿಸಿ ಹೇಳುತ್ತೇನೆ. ಅಲ್ಲಿಯವರೆಗೆ ಅವನು ಆಟೋನಗರದ ಲೇತ್ ಕೆಲಸ ಬಿಡದಿರಲಿ. ಭಾವನವರ ಕೆಮ್ಮಿಗೆ ಒಮ್ಮೆ ಎಕ್ಸ್‌ರೇ ತೆಗೆಸು, ಮುಂದೂಡಬೇಡ.

ಭಾವನವರಿಗೆ ನಮ್ಮಿಬ್ಬರ ನಮಸ್ಕಾರ. ಸುಬ್ಬುಗೆ ಆಶೀರ್ವಾದ. ಸಿಂಹಾಚಲದ ಅಪ್ಪ ನಿಮ್ಮ ಮನೆಯನ್ನು ಕಾಯಲಿ.

ನಿನ್ನ ತಮ್ಮ,
ಜಯದೇವ

ಮರೆತಿದ್ದಲ್ಲ, ಬರೆಯಲು ಕೈ ಬಾರದ್ದು (27 ನವೆಂಬರ್):

ಅಕ್ಕ, ಈ ಪತ್ರವನ್ನು ಪೋಸ್ಟ್ ಮಾಡಲು ಹೊರಟ ದಿನವೇ ದುರ್ಗಾಪ್ರಸಾದ್ ಹೇಳಿ ಕಳಿಸಿದ. ಆ ಹಡಗಿನ ಎಂಜಿನ್ ರೂಮಿನಲ್ಲಿ ಬರಹವೆಲ್ಲ ರಷ್ಯನ್ನಿನಲ್ಲಿದೆ, ಹೊಸ ಹುಡುಗರಿಗೆ ಓದಿ ಹೇಳಬೇಕು ಎಂದು. ಹೋದೆ. ಏಣಿಯ ಹತ್ತಿರ ಟಾರ್ಚು ಹಿಡಿದು ನಿಂತಿದ್ದವರಲ್ಲಿ ಸುಬ್ಬು ಇದ್ದ.

ಹೈದರಾಬಾದಿಗೆ ಇಂಟರ್‌ವ್ಯೂ ಎಂದು ನಿನಗೆ ಹೇಳಿ ಬಂದಿದ್ದನಂತೆ. ನನ್ನನ್ನು ನೋಡಿ ಮುಖ ತಗ್ಗಿಸಿದ. "ಮಾವಯ್ಯ, ಅಮ್ಮಕಿ ಚೆಪ್ಪೊದ್ದು. ಈಗಲೇ ಹೇಳಬೇಡಿ" ಎಂದ. ತೋಳು ಹಿಡಿದು ಡೆಕ್ಕಿನ ಮೇಲೆ ಕರೆದುಕೊಂಡು ಹೋಗಿ, ಮೇಲೆ ಬರೆದದ್ದನ್ನೆಲ್ಲ ಹೇಳಿದೆ. ಬಾವುಟ, ಅಕ್ಕಿ, ಸ್ಟೆಪಾನ್, ಸ್ಮಶಾನ, ಯಾವುದನ್ನೂ ಬಿಡಲಿಲ್ಲ. "ಬಾ ಮಗಾ, ಇಳಿದು ಬಿಡು" ಎಂದೆ. "ಏಂ ಚೇಯಾಲಿ ಮಾವಯ್ಯ? ಇಳಿದು ಏನು ಮಾಡಲಿ?" ಎಂದ. "ಲೇತ್ ಶೆಡ್ಡು ಮುಚ್ಚಿ ಎರಡು ತಿಂಗಳಾಯಿತು. ಮನೆಯಲ್ಲಿ ಹೇಳಿಲ್ಲ. ದಿನಾ ಊಟದ ಕ್ಯಾರಿಯರ್ ಹಿಡಿದುಕೊಂಡು ಹೋಗಿ ಕೃಷ್ಣಾ ದಂಡೆಯಲ್ಲಿ ಕೂತು ಬರ್ತಿದ್ದೆ."

ದುರ್ಗಾಪ್ರಸಾದನನ್ನೂ ಕೇಳಿದೆ. "ಬೇಡವಾದರೆ ಇಳಿಯಲಿ, ಗೇಟಿನ ಹೊರಗೆ ಇನ್ನೂ ಜನ ನಿಂತಿದ್ದಾರೆ" ಎಂದ. ಸುಬ್ಬು ಇಳಿಯಲಿಲ್ಲ. ಮತ್ತೆ ಕೆಳಗೆ ಹೋಗಿ ಒಂದೊಂದು ವಾಲ್ವಿನ ಹೆಸರು ಓದಿ ಹೇಳಿದೆ. ಇದು ನೀರು, ಇದು ಎಣ್ಣೆ, ಬೆಂಕಿ ಬಿದ್ದರೆ ಮೊದಲು ಇದನ್ನು ಮುಚ್ಚಬೇಕು. ಅವನು ಕಬ್ಬಿಣದ ಮೇಲೆ ಸೀಮೆಸುಣ್ಣದಲ್ಲಿ ತೆಲುಗು ಅಕ್ಷರ ಬರೆದುಕೊಂಡ. ಬೆಂಕಿಯ ವಾಲ್ವನ್ನು ಅವನ ಕೈಯಿಂದಲೇ ಮತ್ತೆ ಮತ್ತೆ ಮುಚ್ಚಿಸಿ ನೋಡಿದೆ.

ಹಡಗು ನಿನ್ನೆ ಹೊರಟಿತು. ಮೊದಲ ಬಂದರು ಕೊಲಂಬೊ, ಅಲ್ಲಿಂದ ಮುಂದೆ ಎಲ್ಲಿಗೆಂದು ಯಾರೂ ಹೇಳುತ್ತಿಲ್ಲ. ಡಿಸೆಂಬರ್ ಐದರ ಭಾನುವಾರದ ರೈಲಿಗೆ ನಾನೂ ಹೈಮಾವತಿಯೂ ನಿನ್ನಲ್ಲಿಗೆ ಬರುತ್ತೇವೆ. ಬಂದು ಹೇಳೋಣವೆಂದಿದ್ದೆ. ಆದರೆ ನಿನ್ನ ಮುಖ ನೋಡಿಕೊಂಡು ಇದನ್ನು ಹೇಳುವ ಧೈರ್ಯ ನನಗಿಲ್ಲ, ಓದಿಕೊಂಡಿರು.

ತಡೆಯಲಿಲ್ಲವೆಂದು ಮಾತ್ರ ತಿಳಿಯಬೇಡ. ನನ್ನ ಮಾತನ್ನು ಅವನು ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿದ ಅಕ್ಕ. ಕೇಳಿ, ಟಾರ್ಚು ಹೊತ್ತಿಸಿಕೊಂಡು ಏಣಿ ಇಳಿದ.